ನಾಲ್ಕು ಜಿ.ಬಿ. ಎಂಬ ಗಡಿ: ಗಣಕಯಂತ್ರದ ಮೆಮೊರಿ ಕುರಿತ ತಪ್ಪು ತಿಳಿವಳಿಕೆಗಳು

ಬಿಲ್ಲು, ದಾಸ್ತಾನು, ಲೆಕ್ಕಪತ್ರ, ಇ-ವೇ ಬಿಲ್, ತೆರಿಗೆ ವಿವರಪಟ್ಟಿ ಇವೆಲ್ಲವೂ ಗಣಕಯಂತ್ರದ ಮೂಲಕವೇ ನಡೆಯುವ ಈ ಕಾಲದಲ್ಲಿ ಯಂತ್ರ ನಿಧಾನವಾದರೆ ವಹಿವಾಟೂ ನಿಧಾನವಾಗುತ್ತದೆ. ಜಿ.ಎಸ್.ಟಿ. ವಿವರಪಟ್ಟಿ ಸಲ್ಲಿಸುವ ಗಡುವು ಸಮೀಪಿಸಿದಾಗ ಪರದೆಯ ಮುಂದೆ ಕೈಕಟ್ಟಿ ಕುಳಿತಿರಬೇಕಾದ ಅನುಭವ ಬಹುಪಾಲು ವರ್ತಕರಿಗೆ ಇದೆ. ಅಂತಹ ಸಂದರ್ಭದಲ್ಲಿ ಮೊದಲು ಕೇಳಿಬರುವ ಸಲಹೆ 'ರ‍್ಯಾಮ್ ಜಾಸ್ತಿ ಮಾಡಿಸಿ' ಎಂಬುದು. ಸಲಹೆ ಅನೇಕ ವೇಳೆ ಸರಿಯಾದದ್ದೇ. ಆದರೆ ಯಾವ ಯಂತ್ರಕ್ಕೆ, ಎಷ್ಟು, ಯಾವ ಕಾರಣಕ್ಕೆ ಎಂಬುದನ್ನು ತಿಳಿಯದೆ ಮಾಡಿದ ವೆಚ್ಚ ಫಲ ಕೊಡುವುದಿಲ್ಲ.

ಹಳೆಯ ಯಂತ್ರಗಳಿರುವ ಕಚೇರಿಗಳಲ್ಲಿ ಪದೇ ಪದೇ ನಡೆದಿರುವ ಒಂದು ಪ್ರಸಂಗವನ್ನು ಇಲ್ಲಿ ಉದಾಹರಿಸಬಹುದು. 2 ಜಿ.ಬಿ. ಮೆಮೊರಿ ಇದ್ದ ಯಂತ್ರಕ್ಕೆ ಇನ್ನೂ 2 ಜಿ.ಬಿ. ಹಾಕಿಸಲಾಗುತ್ತದೆ. ಯಂತ್ರವನ್ನು ಚಾಲೂ ಮಾಡಿ ನೋಡಿದರೆ ಪರದೆಯ ಮೇಲೆ 4 ಜಿ.ಬಿ. ಬದಲು 3.25 ಜಿ.ಬಿ. ಮಾತ್ರ ಬಳಕೆಗೆ ಲಭ್ಯ ಎಂದು ಕಾಣುತ್ತದೆ. ಮಾಲೀಕರಿಗೆ ಮಾರಾಟಗಾರನ ಮೇಲೆ ಸಂಶಯ. 'ವಿಂಡೋಸ್ ಅಷ್ಟೇ ತೋರಿಸುವುದು, 32 ಬಿಟ್ ಯಂತ್ರಕ್ಕೆ ನಾಲ್ಕು ಜಿ.ಬಿ.ಯೇ ಗಡಿ' ಎಂಬುದು ಮಾರಾಟಗಾರನ ಸಮಜಾಯಿಷಿ. ಇಲ್ಲಿ ಮಾಲೀಕರ ಸಂಶಯವೂ ಸರಿಯಲ್ಲ, ಮಾರಾಟಗಾರನ ವಿವರಣೆಯೂ ಪೂರ್ಣವಲ್ಲ. 'ಮೆಮೊರಿ ಮಿತಿ' ಎಂಬ ಒಂದೇ ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಿತಿಗಳಿವೆ. ಯಾವ ಮಿತಿ ತಮ್ಮನ್ನು ತಡೆಯುತ್ತಿದೆ ಎಂಬುದನ್ನು ಗುರುತಿಸಿದ ನಂತರವೇ ಹಣ ವ್ಯಯಿಸುವುದು ಯುಕ್ತ.

ವಿಳಾಸದ ಲೆಕ್ಕಾಚಾರ

ಮೆಮೊರಿಯ ಪ್ರತಿಯೊಂದು ಬೈಟಿಗೂ ಒಂದು ಸಂಖ್ಯೆ ಇರುತ್ತದೆ. ಅದೇ ಅದರ ವಿಳಾಸ. ಒಂದು ಗೋದಾಮಿನಲ್ಲಿ ಸರಕು ಇಟ್ಟ ಅಂಕಣದ ಸಂಖ್ಯೆಯನ್ನು ಬರೆಯಲು ಚೀಟಿಯಲ್ಲಿ ನಾಲ್ಕು ಅಂಕಿಗಳಿಗೆ ಮಾತ್ರ ಜಾಗವಿದ್ದರೆ 0000 ದಿಂದ 9999 ರವರೆಗೆ ಒಟ್ಟು 10,000 ಅಂಕಣಗಳನ್ನಷ್ಟೇ ಗುರುತಿಸಲು ಸಾಧ್ಯ. ಗೋದಾಮು ಅದಕ್ಕಿಂತ ದೊಡ್ಡದಿದ್ದರೂ ಉಳಿದ ಅಂಕಣಗಳಿಗೆ ಚೀಟಿ ಬರೆಯುವಂತಿಲ್ಲ. ಗಣಕಯಂತ್ರದಲ್ಲಿ ಅಂಕಿಗಳ ಬದಲು ಸೊನ್ನೆ ಮತ್ತು ಒಂದು ಎಂಬ ಎರಡು ಚಿಹ್ನೆಗಳ ಬಿಟ್‌ಗಳಿವೆ. 32 ಬಿಟ್‌ಗಳಿಂದ 4,29,49,67,296 ವಿಳಾಸಗಳನ್ನು ರಚಿಸಬಹುದು. ಇದೇ 4 ಜಿ.ಬಿ. ಎಂಬ ಪ್ರಸಿದ್ಧ ಸಂಖ್ಯೆಯ ಮೂಲ.

ಆದರೆ ಗಣಕಯಂತ್ರದಲ್ಲಿ ಎರಡು ಬಗೆಯ ವಿಳಾಸಗಳಿವೆ ಎಂಬುದನ್ನು ಗಮನಿಸಬೇಕು. ಗೋದಾಮಿನಲ್ಲಿ ಹಲವು ವರ್ತಕರು ಸರಕು ಇಟ್ಟಿದ್ದಾರೆಂದೂ, ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ತಮ್ಮದೇ ಕ್ರಮಸಂಖ್ಯೆ ಬರೆದುಕೊಳ್ಳುತ್ತಾರೆಂದೂ ಭಾವಿಸಬಹುದು. ಯಾವ ವರ್ತಕನ ಯಾವ ಸಂಖ್ಯೆಯ ಸರಕು ನಿಜವಾಗಿ ಯಾವ ಅಂಕಣದಲ್ಲಿದೆ ಎಂಬುದು ಗೋದಾಮಿನ ಗುಮಾಸ್ತನ ದಫ್ತರಿನಲ್ಲಿ ಮಾತ್ರ ಇರುತ್ತದೆ. ವರ್ತಕರ ಪುಸ್ತಕದ ಸಂಖ್ಯೆಯಂತೆ ಪ್ರತಿಯೊಂದು ತಂತ್ರಾಂಶಕ್ಕೂ ಅದರದೇ ಆದ ವಿಳಾಸಗಳ ಸಾಲಿದ್ದು, ಅದನ್ನು ಕಾಲ್ಪನಿಕ ವಿಳಾಸ ಎನ್ನುತ್ತಾರೆ. ಗುಮಾಸ್ತನ ದಫ್ತರಿನ ಅಂಕಣ ಸಂಖ್ಯೆಯೇ ರ‍್ಯಾಮ್‌ನ ಭೌತಿಕ ವಿಳಾಸ. ಒಂದರಿಂದ ಮತ್ತೊಂದಕ್ಕೆ ಪರಿವರ್ತಿಸುವ ಕಾರ್ಯವನ್ನು ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಂಗಳು ಕೂಡಿ ನಿರ್ವಹಿಸುತ್ತವೆ. ಈ ಎರಡು ಪುಸ್ತಕಗಳ ವ್ಯತ್ಯಾಸ ಮನದಟ್ಟಾದರೆ ಮುಂದಿನ ತಪ್ಪು ಕಲ್ಪನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

640 ಕೆ.ಬಿ. ಕಾಲದ ಪಾಠ

ಇಂತಹ ಗೊಂದಲ ಹೊಸದೇನಲ್ಲ. 1981 ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಪಿ.ಸಿ.ಯಲ್ಲಿ ಇಂಟೆಲ್ 8088 ಪ್ರೊಸೆಸರ್ ಇತ್ತು. ಅದರ ವಿಳಾಸ 20 ಬಿಟ್‌ಗಳದ್ದು. ಅಂದರೆ ಒಟ್ಟು 1 ಎಂ.ಬಿ. ಅದರಲ್ಲಿ ಮೇಲಿನ 384 ಕೆ.ಬಿ. ವಿಳಾಸಗಳನ್ನು ಪರದೆ ಮತ್ತಿತರ ಸಾಧನಗಳಿಗೂ ಯಂತ್ರದ ಸ್ಥಿರ ಆದೇಶಗಳಿಗೂ ಕಾದಿರಿಸಿ, ಉಳಿದ 640 ಕೆ.ಬಿ.ಯನ್ನು ತಂತ್ರಾಂಶಗಳಿಗೆ ಬಿಡಲಾಯಿತು. ಮುಂದಿನ ವರ್ಷವೇ ಬಂದ 80286 ಪ್ರೊಸೆಸರ್ 16 ಎಂ.ಬಿ.ವರೆಗೆ, 1985 ರ 80386 ಪ್ರೊಸೆಸರ್ 4 ಜಿ.ಬಿ.ವರೆಗೆ ವಿಳಾಸ ನೀಡಬಲ್ಲವಾಗಿದ್ದವು. ಆದರೂ ಡಾಸ್ ಬಳಸುತ್ತಿದ್ದವರು 1990 ರ ದಶಕದಲ್ಲಿಯೂ 640 ಕೆ.ಬಿ.ಯೊಳಗೇ ಏಗಬೇಕಾಯಿತು. ಹಳೆಯ ತಂತ್ರಾಂಶಗಳು ನಿಲ್ಲದೆ ನಡೆಯಬೇಕೆಂಬ ಕಾರಣಕ್ಕೆ ಹಳೆಯ ಏರ್ಪಾಟನ್ನೇ ಉಳಿಸಿಕೊಂಡದ್ದು ಇದಕ್ಕೆ ಕಾರಣ. 640 ಕೆ.ಬಿ. ಯಾರಿಗಾದರೂ ಸಾಕು ಎಂಬ ಮಾತು ಬಿಲ್ ಗೇಟ್ಸ್ ಅವರ ಹೆಸರಿನಲ್ಲಿ ಪ್ರಚಾರದಲ್ಲಿದ್ದರೂ, ತಾವು ಹಾಗೆ ಹೇಳಿಲ್ಲವೆಂದು ಅವರು ಸ್ಪಷ್ಟಪಡಿಸಿದ್ದಾರೆ. 4 ಜಿ.ಬಿ. ವಿಷಯದಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ ಕಥೆಯ ಪುನರಾವರ್ತನೆ.

'ಮುಕ್ಕಾಲು ಜಿ.ಬಿ. ಕಾಣೆಯಾಗಿದೆ'

ಮೇಲಿನ ಪ್ರಸಂಗದಲ್ಲಿ 4 ಜಿ.ಬಿ. ಹಾಕಿಸಿದರೂ 3.25 ಜಿ.ಬಿ. ಮಾತ್ರ ದೊರೆತದ್ದು ಏಕೆ? ಭೌತಿಕ ವಿಳಾಸಗಳನ್ನು ಬಳಸುವುದು ರ‍್ಯಾಮ್ ಮಾತ್ರವಲ್ಲ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಮುಂತಾದ ಸಾಧನಗಳೊಡನೆ ಪ್ರೊಸೆಸರ್ ವ್ಯವಹರಿಸುವುದೂ ಅವೇ ವಿಳಾಸಗಳ ಮೂಲಕ. ಗೋದಾಮಿನ ಅಂಕಣ ಸಂಖ್ಯೆಗಳಲ್ಲಿ ಕೆಲವನ್ನು ಕಚೇರಿಗೆ, ತೂಕದ ಸೇತುವೆಗೆ, ಕಾವಲುಗಾರನ ಕೊಠಡಿಗೆ ಕೊಟ್ಟಂತೆ ಇದು. ಈ ಸಾಧನಗಳಿಗೆ 4 ಜಿ.ಬಿ.ಯ ತುದಿಗೆ ಹತ್ತಿರದ ವಿಳಾಸಗಳನ್ನು ಕಾದಿರಿಸುವುದು ರೂಢಿ. ಆ ವಿಳಾಸಗಳಲ್ಲಿ ಇರಬೇಕಾಗಿದ್ದ ರ‍್ಯಾಮ್ ಯಂತ್ರದಲ್ಲಿ ಭದ್ರವಾಗಿದ್ದರೂ ಅದಕ್ಕೆ ಸಂಖ್ಯೆಯಿಲ್ಲದಂತಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದಷ್ಟೂ ಕಾಣೆಯಾಗುವ ಪ್ರಮಾಣ ಹೆಚ್ಚು. ಆದ್ದರಿಂದಲೇ ಒಂದು ಯಂತ್ರದಲ್ಲಿ 3.5, ಮತ್ತೊಂದರಲ್ಲಿ 3 ಜಿ.ಬಿ. ಎಂದು ಬೇರೆ ಬೇರೆ ಅಂಕಿಗಳು ಕಾಣುತ್ತವೆ.

ಇಲ್ಲಿ ಮತ್ತೊಂದು ತಪ್ಪು ಕಲ್ಪನೆಯೂ ಸೇರಿಕೊಂಡಿತು. 2008 ರಲ್ಲಿ ಬಂದ ವಿಂಡೋಸ್ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕ್ ಅಳವಡಿಸಿದ ಮೇಲೆ ಪರದೆಯ ಮೇಲೆ ಪೂರ್ತಿ 4 ಜಿ.ಬಿ. ಕಾಣತೊಡಗಿತು. ಕಳೆದುಹೋಗಿದ್ದ ಮೆಮೊರಿ ಮರಳಿ ದೊರೆಯಿತೆಂದು ಅನೇಕರು ನಂಬಿದರು. ವಾಸ್ತವದಲ್ಲಿ ಬದಲಾದದ್ದು ವರದಿ ಮಾಡುವ ಕ್ರಮ ಮಾತ್ರ. ಬಳಕೆಗೆ ಲಭ್ಯವಿರುವ ಪ್ರಮಾಣದ ಬದಲು ಯಂತ್ರದಲ್ಲಿ ಅಳವಡಿಸಿರುವ ಪ್ರಮಾಣವನ್ನು ತೋರಿಸಲಾಗುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಎರಡೂ ಅಂಕಿಗಳನ್ನು ತೋರಿಸುವ ಪದ್ಧತಿ ಬಂದಿತು.

'32 ಬಿಟ್ ಎಂದರೆ 4 ಜಿ.ಬಿ.ಯೇ'

ಅತಿ ವ್ಯಾಪಕವಾದ ತಪ್ಪು ಕಲ್ಪನೆ ಇದು. 1995 ರಲ್ಲಿ ಬಂದ ಇಂಟೆಲ್ ಪೆಂಟಿಯಂ ಪ್ರೊ ಪ್ರೊಸೆಸರ್ 32 ಬಿಟ್‌ನದೇ ಆದರೂ ಅದರ ಭೌತಿಕ ವಿಳಾಸ 36 ಬಿಟ್‌ಗಳದ್ದಾಗಿತ್ತು. ಪಿ.ಎ.ಇ. ಎಂಬ ಈ ಏರ್ಪಾಟಿನಿಂದ 64 ಜಿ.ಬಿ.ವರೆಗೆ ರ‍್ಯಾಮ್ ಬಳಸುವ ದಾರಿ ತೆರೆಯಿತು. ಗೋದಾಮಿನ ಹೋಲಿಕೆಯಲ್ಲಿ ಹೇಳುವುದಾದರೆ, ಗುಮಾಸ್ತನ ದಫ್ತರಿನ ಅಂಕಣ ಅಗಲವಾಯಿತು. ವರ್ತಕರ ಪುಸ್ತಕಗಳು ಮಾತ್ರ ಮೊದಲಿನಂತೆಯೇ ಉಳಿದವು.

32 ಬಿಟ್‌ನ ವಿಂಡೋಸ್ 2000 ಅಡ್ವಾನ್ಸ್‌ಡ್ ಸರ್ವರ್ 8 ಜಿ.ಬಿ., ಡೇಟಾಸೆಂಟರ್ ಸರ್ವರ್ 32 ಜಿ.ಬಿ. ಬಳಸಬಲ್ಲವಾಗಿದ್ದವು. 32 ಬಿಟ್‌ನದೇ ಆದ ವಿಂಡೋಸ್ ಸರ್ವರ್ 2003 ರ ಸ್ಟ್ಯಾಂಡರ್ಡ್ ಆವೃತ್ತಿಯ ಮಿತಿ 4 ಜಿ.ಬಿ. ಇದ್ದರೆ, ಎಂಟರ್‌ಪ್ರೈಸ್ ಆವೃತ್ತಿ ಮೊದಲ ಸರ್ವಿಸ್ ಪ್ಯಾಕ್‌ನ ನಂತರ 64 ಜಿ.ಬಿ.ವರೆಗೆ ಬಳಸುತ್ತಿತ್ತು. 2001 ರ ಲಿನಕ್ಸ್ 2.4 ರಲ್ಲಿಯೂ ಈ ಸೌಲಭ್ಯವಿತ್ತು. ಒಂದೇ ಪ್ರೊಸೆಸರ್, ಒಂದೇ 32 ಬಿಟ್. ಆದರೂ ಮಿತಿಗಳು ಬೇರೆ ಬೇರೆ. ಅಂದಮೇಲೆ ಈ ಗಡಿಯನ್ನು ಹಾಕಿದ್ದು ಕೇವಲ ಗಣಿತವಲ್ಲ, ಮಾರಾಟದ ಶ್ರೇಣಿಯೂ ಹೌದು.

ಹಾಗಿದ್ದರೆ ಸಾಮಾನ್ಯ ಬಳಕೆಯ ವಿಂಡೋಸ್ ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7 ಇವುಗಳ 32 ಬಿಟ್ ಆವೃತ್ತಿಗಳು 4 ಜಿ.ಬಿ.ಯಲ್ಲಿಯೇ ನಿಂತದ್ದೇಕೆ? ಸರ್ವರ್‌ಗಳಲ್ಲಿ ಬಳಸುವ ಸಾಧನಗಳು ಮತ್ತು ಅವುಗಳ ಡ್ರೈವರ್ ತಂತ್ರಾಂಶಗಳು ಪರೀಕ್ಷೆಗೊಳಪಟ್ಟ ಸೀಮಿತ ಸಂಖ್ಯೆಯವು. ಸಾಮಾನ್ಯ ಮಾರುಕಟ್ಟೆಯ ಸಾಧನಗಳ ಎಷ್ಟೋ ಡ್ರೈವರ್‌ಗಳನ್ನು 32 ಬಿಟ್‌ಗಿಂತ ಉದ್ದದ ವಿಳಾಸ ಬರುವುದೇ ಇಲ್ಲವೆಂಬ ನಂಬಿಕೆಯ ಮೇಲೆ ಬರೆಯಲಾಗಿತ್ತು. ಅಂತಹ ವಿಳಾಸ ಬಂದಾಗ ಯಂತ್ರ ಸ್ಥಗಿತಗೊಳ್ಳುವ ಅಥವಾ ದತ್ತಾಂಶ ಕೆಡುವ ಅಪಾಯವಿತ್ತು. ಈ ಕಾರಣದಿಂದ 2004 ರ ಎಕ್ಸ್‌ಪಿ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಭೌತಿಕ ವಿಳಾಸಗಳನ್ನು 4 ಜಿ.ಬಿ.ಗೆ ಸೀಮಿತಗೊಳಿಸಿತು. ಆಪರೇಟಿಂಗ್ ಸಿಸ್ಟಂನ ಕಡತಗಳನ್ನು ತಿದ್ದಿ ಈ ಬೀಗ ತೆಗೆಯುವ ಅನಧಿಕೃತ ಉಪಾಯಗಳು ಪ್ರಚಾರದಲ್ಲಿವೆ. ಲೆಕ್ಕಪತ್ರವಿರುವ ಯಂತ್ರದಲ್ಲಿ ಅವುಗಳ ಗೊಡವೆಗೆ ಹೋಗದಿರುವುದೇ ಕ್ಷೇಮ.

'64 ಬಿಟ್ ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ'

2003 ರಲ್ಲಿ ಎ.ಎಂ.ಡಿ. ಸಂಸ್ಥೆಯ ಆಪ್ಟೆರಾನ್ ಪ್ರೊಸೆಸರ್‌ನೊಡನೆ ಪಿ.ಸಿ. ವರ್ಗದ ಯಂತ್ರಗಳಿಗೆ 64 ಬಿಟ್ ಪದ್ಧತಿ ಬಂದಿತು. ಇದರಲ್ಲಿ ಗುಮಾಸ್ತನ ದಫ್ತರು, ವರ್ತಕರ ಪುಸ್ತಕ ಎರಡೂ ದೊಡ್ಡವಾದವು. ಆದರೆ ಹೊಸ ಪುಸ್ತಕ ದೊರೆಯುವುದು 64 ಬಿಟ್‌ಗಾಗಿಯೇ ಸಿದ್ಧಪಡಿಸಿದ ತಂತ್ರಾಂಶಗಳಿಗೆ ಮಾತ್ರ. 32 ಬಿಟ್ ತಂತ್ರಾಂಶವನ್ನು 64 ಬಿಟ್ ವಿಂಡೋಸ್‌ನಲ್ಲಿ ನಡೆಸಿದರೆ ಅದಕ್ಕೆ ಸಾಮಾನ್ಯವಾಗಿ ದೊರೆಯುವುದು 2 ಜಿ.ಬಿ. ವಿಳಾಸಗಳು, ತಯಾರಕರು ಅದನ್ನು ವಿಶೇಷವಾಗಿ ಸಜ್ಜುಗೊಳಿಸಿದ್ದರೆ 4 ಜಿ.ಬಿ. ಯಂತ್ರದಲ್ಲಿ 32 ಜಿ.ಬಿ. ರ‍್ಯಾಮ್ ಇದ್ದರೂ ಈ ಲೆಕ್ಕ ಬದಲಾಗದು.

ದೊಡ್ಡ ದಾಸ್ತಾನು ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ನಿರ್ವಹಿಸುವವರಿಗೆ ಇದು ಮುಖ್ಯ. 1997 ರಿಂದ 2003 ರವರೆಗಿನ ಎಕ್ಸೆಲ್ ಆವೃತ್ತಿಗಳ ಹಾಳೆಯಲ್ಲಿ 65,536 ಸಾಲುಗಳಿದ್ದವು. 2007 ರಿಂದ ಅದು 10,48,576 ಆಯಿತು. ಸಾಲುಗಳು ಹೆಚ್ಚಿದರೂ ತಂತ್ರಾಂಶ 32 ಬಿಟ್‌ನದೇ ಆಗಿತ್ತು. 64 ಬಿಟ್‌ನ ಎಕ್ಸೆಲ್ ಮೊದಲು ಬಂದದ್ದು 2010 ರಲ್ಲಿ. ಆದ್ದರಿಂದ ಸಾಕಷ್ಟು ರ‍್ಯಾಮ್ ಖಾಲಿ ಇದ್ದಾಗಲೂ 'ಮೆಮೊರಿ ಸಾಲದು' ಎಂಬ ಸಂದೇಶ ಬರುತ್ತಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಎಕ್ಸೆಲ್ ಎಷ್ಟು ಬಿಟ್‌ನದು ಎಂಬುದನ್ನು; ರ‍್ಯಾಮ್ ಅಂಗಡಿಗೆ ಹೋಗುವ ವಿಚಾರ ಆನಂತರದ್ದು.

ತಂತ್ರಾಂಶವು ತಾನೇ ಹಾಕಿಕೊಂಡ ಮಿತಿಗಳೂ ಇವೆ. ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದು ಕಡತ ಮತ್ತು ವಿಷುಯಲ್ ಫಾಕ್ಸ್‌ಪ್ರೊದ ಒಂದು ಟೇಬಲ್ 2 ಜಿ.ಬಿ. ಮೀರುವಂತಿಲ್ಲ. ಉಚಿತವಾಗಿ ದೊರೆಯುವ ಎಸ್.ಕ್ಯು.ಎಲ್. ಸರ್ವರ್ ಎಕ್ಸ್‌ಪ್ರೆಸ್‌ನ 2016 ರಿಂದ 2022 ರವರೆಗಿನ ಆವೃತ್ತಿಗಳು ದತ್ತಾಂಶದ ಪುಟಗಳನ್ನು ಇರಿಸಿಕೊಳ್ಳಲು ಬಳಸುವ ಮೆಮೊರಿ ಹೆಚ್ಚೆಂದರೆ 1,410 ಎಂ.ಬಿ.; ದತ್ತಾಂಶದ ಕಡತ 10 ಜಿ.ಬಿ. ಮೀರುವಂತಿಲ್ಲ. ಇಂತಹ ತಂತ್ರಾಂಶವನ್ನು ಆಧರಿಸಿದ ಬಿಲ್ಲಿಂಗ್ ವ್ಯವಸ್ಥೆ ನಿಧಾನವಾದಾಗ ಸರ್ವರ್ ಯಂತ್ರಕ್ಕೆ ಎಷ್ಟು ರ‍್ಯಾಮ್ ಸುರಿದರೂ ನಿರೀಕ್ಷಿಸಿದ ಫಲ ಸಿಗಲಾರದು.

ಮದರ್‌ಬೋರ್ಡ್ ಮತ್ತು ಆವೃತ್ತಿಯ ಮಿತಿ

ಪ್ರೊಸೆಸರ್ 64 ಬಿಟ್‌ನದು ಎಂದಮಾತ್ರಕ್ಕೆ ಯಂತ್ರ ಬೇಕಾದಷ್ಟು ರ‍್ಯಾಮ್ ಸ್ವೀಕರಿಸುತ್ತದೆ ಎಂದೇನೂ ಅಲ್ಲ. 2005 ರ ಇಂಟೆಲ್ 945 ಜಿ ಚಿಪ್‌ಸೆಟ್ ಇದ್ದ ಮದರ್‌ಬೋರ್ಡ್‌ಗಳಲ್ಲಿ 64 ಬಿಟ್ ಪ್ರೊಸೆಸರ್ ಕೂರಿಸಬಹುದಾಗಿದ್ದರೂ ರ‍್ಯಾಮ್ ಮಿತಿ 4 ಜಿ.ಬಿ. ಮಾತ್ರ. ಸ್ಲಾಟ್‌ಗಳ ಸಂಖ್ಯೆ, ಒಂದೊಂದು ಸ್ಲಾಟ್ ಸ್ವೀಕರಿಸುವ ಗರಿಷ್ಠ ಪ್ರಮಾಣ, ರ‍್ಯಾಮ್‌ನ ತಲೆಮಾರು ಇವೆಲ್ಲವೂ ಮದರ್‌ಬೋರ್ಡಿನ ಕೈಪಿಡಿಯಲ್ಲಿ ನಮೂದಾಗಿರುತ್ತವೆ. ಡಿ.ಡಿ.ಆರ್.3 ಸ್ಲಾಟ್‌ನಲ್ಲಿ ಡಿ.ಡಿ.ಆರ್.4 ಕೂರುವುದೇ ಇಲ್ಲ.

ಆಪರೇಟಿಂಗ್ ಸಿಸ್ಟಂನ ಆವೃತ್ತಿಗೂ ತನ್ನ ಮಿತಿ ಇರುತ್ತದೆ. 64 ಬಿಟ್‌ನ ವಿಂಡೋಸ್ 7 ಹೋಂ ಬೇಸಿಕ್ 8 ಜಿ.ಬಿ., ಹೋಂ ಪ್ರೀಮಿಯಂ 16 ಜಿ.ಬಿ., ಪ್ರೊಫೆಷನಲ್ 192 ಜಿ.ಬಿ. ಬಳಸುತ್ತಿದ್ದವು. ವಿಂಡೋಸ್ 11 ರ ಹೋಂ ಆವೃತ್ತಿಗೆ 128 ಜಿ.ಬಿ., ಪ್ರೊ ಆವೃತ್ತಿಗೆ 2 ಟಿ.ಬಿ. ಮಿತಿ ಇದೆ. ಅಂಗಡಿ, ಕಾರ್ಖಾನೆಗಳ ಬಳಕೆಗೆ ಈ ಮಿತಿಗಳು ಅಡ್ಡಿಯಾಗುವ ಪ್ರಮೇಯವಿಲ್ಲ. ಆದ್ದರಿಂದ ಹೆಚ್ಚು ರ‍್ಯಾಮ್ ಬಳಸುವ ಸಲುವಾಗಿ ಪ್ರೊ ಆವೃತ್ತಿ ಖರೀದಿಸಬೇಕೆಂಬ ಮಾರಾಟದ ಮಾತಿಗೆ ಆಧಾರವಿಲ್ಲ.

'ಖಾಲಿ ಮೆಮೊರಿ ಇದ್ದಷ್ಟೂ ಒಳ್ಳೆಯದು'

ಖಾಲಿ ಮೆಮೊರಿ ಕಡಿಮೆಯಾಗಿ ಕಂಡೊಡನೆ ಯಂತ್ರಕ್ಕೆ ಏನೋ ಆಗಿದೆ ಎಂಬ ಆತಂಕ ಸಾಮಾನ್ಯ. ಅಂಗಡಿಯ ಮುಂಗಟ್ಟನ್ನು ಖಾಲಿ ಬಿಟ್ಟು ಎಲ್ಲ ಸರಕನ್ನೂ ಹಿಂದಿನ ಉಗ್ರಾಣದಲ್ಲಿ ಇರಿಸುವ ವ್ಯಾಪಾರಿ ಇಲ್ಲ. ಹೆಚ್ಚು ಬಿಕರಿಯಾಗುವ ಸರಕು ಕೈಗೆಟುಕುವಂತೆ ಮುಂದೆಯೇ ಇರಬೇಕು. ಆಪರೇಟಿಂಗ್ ಸಿಸ್ಟಂ ಮಾಡುವುದೂ ಇದನ್ನೇ. ಇತ್ತೀಚೆಗೆ ಓದಿದ ಕಡತಗಳನ್ನು ಅದು ಬಿಡುವಿರುವ ರ‍್ಯಾಮ್‌ನಲ್ಲಿ ಇರಿಸಿಕೊಳ್ಳುತ್ತದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಪದೇ ಪದೇ ಬಳಸುವ ತಂತ್ರಾಂಶಗಳನ್ನು ಮುಂಚಿತವಾಗಿಯೇ ತಂದಿರಿಸುವ ವ್ಯವಸ್ಥೆಯೂ ಇದೆ. ಬೇರೆ ಕೆಲಸಕ್ಕೆ ಜಾಗ ಬೇಕಾದ ಕ್ಷಣವೇ ಅದನ್ನು ತೆರವುಗೊಳಿಸಲಾಗುತ್ತದೆ. ಆದ್ದರಿಂದ ಗಮನಿಸಬೇಕಾದದ್ದು 'ಖಾಲಿ' ಅಂಕಿಯನ್ನಲ್ಲ, 'ಲಭ್ಯ' ಅಂಕಿಯನ್ನು.

ಮೆಮೊರಿಯನ್ನು ಶುಚಿಗೊಳಿಸುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳು ಈ ಉಪಯುಕ್ತ ಸಂಗ್ರಹವನ್ನೇ ಹೊರದಬ್ಬುತ್ತವೆ. ಪರದೆಯ ಮೇಲೆ ಖಾಲಿ ಅಂಕಿ ಏರುತ್ತದೆ. ಮುಂದಿನ ಕ್ಷಣದಲ್ಲಿ ಅದೇ ಕಡತವನ್ನು ಡಿಸ್ಕ್‌ನಿಂದ ಮತ್ತೆ ಓದಬೇಕಾಗಿ ಕೆಲಸ ನಿಧಾನವಾಗುತ್ತದೆ. ಇವುಗಳಿಗೆ ಹಣ ತೆರುವುದು ವ್ಯರ್ಥ.

ರ‍್ಯಾಮ್ ಸಾಲದಾದಾಗ ಡಿಸ್ಕ್‌ನ ಒಂದು ಭಾಗವನ್ನು ಪೂರಕವಾಗಿ ಬಳಸುವ ಪೇಜ್ ಫೈಲ್ ಎಂಬ ಏರ್ಪಾಟಿನ ಬಗೆಗೂ ಎರಡು ಅತಿರೇಕಗಳಿವೆ. ಅದನ್ನು ದೊಡ್ಡದು ಮಾಡಿದರೆ ರ‍್ಯಾಮ್ ಬೇಕಿಲ್ಲ ಎಂಬುದೊಂದು. ರ‍್ಯಾಮ್ ಸಾಕಷ್ಟಿದ್ದರೆ ಅದನ್ನು ತೆಗೆದೇ ಹಾಕಬೇಕು ಎಂಬುದಿನ್ನೊಂದು. ಡಿಸ್ಕ್ ರ‍್ಯಾಮ್‌ಗಿಂತ ಬಹಳ ನಿಧಾನವಾದ್ದರಿಂದ ಮೊದಲನೆಯದು ತಪ್ಪು. ತಂತ್ರಾಂಶಗಳಿಗೆ ಒಟ್ಟು ಎಷ್ಟು ಮೆಮೊರಿಯ ಭರವಸೆ ಕೊಡಬಹುದು ಎಂಬುದು ರ‍್ಯಾಮ್ ಮತ್ತು ಪೇಜ್ ಫೈಲ್ ಎರಡರ ಮೊತ್ತದಿಂದ ನಿರ್ಧಾರವಾಗುವುದರಿಂದ ಎರಡನೆಯದೂ ತಪ್ಪು. ಅದರ ಗಾತ್ರವನ್ನು ವಿಂಡೋಸ್‌ನ ನಿರ್ಧಾರಕ್ಕೆ ಬಿಡುವುದು ಸಾಮಾನ್ಯ ಬಳಕೆದಾರರಿಗೆ ಉತ್ತಮ.

ಈಗ ಎದುರಾಗಿರುವ ನಿರ್ಧಾರ

ಈ ವಿಷಯ ಈಗ ತುರ್ತಿನದಾಗಲು ಕಾರಣವಿದೆ. ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ರಂದು ಮುಗಿಯಿತು. 32 ಬಿಟ್‌ನಲ್ಲಿಯೂ ದೊರೆತ ಕೊನೆಯ ವಿಂಡೋಸ್ ಅದೇ. 2021 ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್‌ನದು. ಅದಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್ ಜೊತೆಗೆ ಅಂಗೀಕೃತ ಪಟ್ಟಿಯ ಪ್ರೊಸೆಸರ್ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ ಬೇಕು. ಹಳೆಯ ಯಂತ್ರಕ್ಕೆ ರ‍್ಯಾಮ್ ಮಾತ್ರ ಸೇರಿಸಿ ವಿಂಡೋಸ್ 11 ಕ್ಕೆ ಸಿದ್ಧಪಡಿಸಬಹುದೆಂಬ ಎಣಿಕೆ ಅನೇಕ ಕಡೆ ಹುಸಿಯಾಗುತ್ತದೆ.

ಸಣ್ಣ ಕೈಗಾರಿಕೆಗಳವರು ಇನ್ನೊಂದು ಅಂಶವನ್ನೂ ಲಕ್ಷಿಸಬೇಕು. ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕಪತ್ರ ತಂತ್ರಾಂಶ, ತೂಕದ ಯಂತ್ರಕ್ಕೋ ಹಳೆಯ ಲೇತಿಗೋ ಜೋಡಿಸಿದ 16 ಬಿಟ್ ತಂತ್ರಾಂಶ ಇನ್ನೂ ಬಳಕೆಯಲ್ಲಿದ್ದರೆ, ಅವು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದೇ ಇಲ್ಲ. ಹಳೆಯ ಸಾಧನಗಳ 32 ಬಿಟ್ ಡ್ರೈವರ್‌ಗಳೂ ನಡೆಯುವುದಿಲ್ಲ. ಅಂತಹ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಆ ಒಂದು ಕೆಲಸಕ್ಕೇ ಮೀಸಲಿರಿಸಿ, ಬ್ಯಾಂಕು ಮತ್ತು ತೆರಿಗೆ ವ್ಯವಹಾರಗಳನ್ನು ಬೇರೆ ಯಂತ್ರಕ್ಕೆ ವರ್ಗಾಯಿಸುವುದು ವಿವೇಕದ ಮಾರ್ಗ. 2025 ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ವಿಶ್ವ ಮಾರುಕಟ್ಟೆಯಲ್ಲಿ ಮೆಮೊರಿ ಬೆಲೆ ತೀವ್ರವಾಗಿ ಏರಿತೆಂಬುದನ್ನು ನೆನೆದರೆ, ಅನವಶ್ಯಕ ಖರೀದಿ ಎಷ್ಟು ದುಬಾರಿಯಾದೀತೆಂಬುದು ತಿಳಿಯುತ್ತದೆ.

ಖರೀದಿಗೆ ಮುನ್ನ

ರ‍್ಯಾಮ್ ಕೊಳ್ಳುವ ಮೊದಲು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ? ಸೆಟ್ಟಿಂಗ್ಸ್‌ನ 'ಸಿಸ್ಟಂ' ವಿಭಾಗದ 'ಅಬೌಟ್' ಪುಟದಲ್ಲಿ ಇದು ಕಾಣುತ್ತದೆ. ವಿಂಡೋಸ್ 32 ಬಿಟ್‌ನದಾಗಿದ್ದು ಈಗಾಗಲೇ 4 ಜಿ.ಬಿ. ಇದ್ದರೆ ಮತ್ತಷ್ಟು ಸೇರಿಸಿ ಪ್ರಯೋಜನವಿಲ್ಲ.

2. ನಿಧಾನವಾಗಿರುವ ತಂತ್ರಾಂಶ ಎಷ್ಟು ಬಿಟ್‌ನದು? ಅದರ ಸ್ವಂತ ಮಿತಿ ಏನು? ತಂತ್ರಾಂಶ ಒದಗಿಸಿದವರಿಂದ ಇದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

3. ಮದರ್‌ಬೋರ್ಡ್ ಗರಿಷ್ಠ ಎಷ್ಟು, ಯಾವ ತಲೆಮಾರಿನ ರ‍್ಯಾಮ್ ಸ್ವೀಕರಿಸುತ್ತದೆ? ಸ್ಲಾಟ್ ಖಾಲಿ ಇದೆಯೇ?

4. ಕೆಲಸದ ಒತ್ತಡದ ವೇಳೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಾಗ 'ಲಭ್ಯ' ಮೆಮೊರಿ ಎಷ್ಟಿದೆ? ಅದು ಧಾರಾಳವಾಗಿದ್ದರೆ ತೊಂದರೆ ಬೇರೆಡೆ ಇದೆ. ಡಿಸ್ಕ್‌ನ ಬಳಕೆ ಸತತವಾಗಿ ನೂರರ ಸಮೀಪವಿದ್ದು, ಲಭ್ಯ ಮೆಮೊರಿಯೂ ಸಾಕಷ್ಟಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್.ಎಸ್.ಡಿ. ಹಾಕಿಸುವುದೇ ಹೆಚ್ಚು ಫಲಕಾರಿ.

5. ಆ ಯಂತ್ರ ವಿಂಡೋಸ್ 11 ಕ್ಕೆ ಅರ್ಹವೇ? ಇಲ್ಲವಾದರೆ ಅದರ ಮೇಲೆ ಹಾಕುವ ಹಣ ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಹೊಸ ಯಂತ್ರದ ಬೆಲೆಯೊಡನೆ ತೂಗಿ ನೋಡಬೇಕು.

ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಅರ್ಧ ಗಂಟೆ ಸಾಕು, ಪರಿಣತರ ನೆರವೂ ಹೆಚ್ಚಾಗಿ ಬೇಕಾಗದು. ಉತ್ತರಗಳನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋದ ವರ್ತಕರು ತಮಗೆ ಬೇಕಾದದ್ದನ್ನಷ್ಟೇ ಕೇಳಿ ಕೊಳ್ಳಬಲ್ಲರು. ಪರದೆಯ ಮೇಲೆ ಕಾಣುವ ಅಂಕಿಯ ಬಗೆಗೆ ಮಾರಾಟಗಾರನೊಡನೆ ವಾದಿಸುವ ಪ್ರಸಂಗವೂ ಬರಲಾರದು.